ಶನಿವಾರದ ಹಲ್ಲುಗಳು

ಮೇಲಿನ ಕೋರ್ಟಿನವರು ಹೇಳಿದ್ದು ಇಷ್ಟೇ: ಮೇಲ್ಮನವಿ ಮುಗಿಯುವವರೆಗೆ ಹೆಂಡತಿಯ ವಕೀಲರ ಖರ್ಚನ್ನೂ ಗಂಡನೇ ಕೊಡತಕ್ಕದ್ದು. ಅಲ್ಲ, ಸ್ವಲ್ಪ ಯೋಚನೆ ಮಾಡಿ. ಮಗಳನ್ನು ನನಗೆ ಕೊಡಿಸಿ ಎಂದು ಕೇಳುತ್ತಿರುವವಳು ಅವಳು. ಕೊಡಬೇಡಿ ಎನ್ನುತ್ತಿರುವವನು ಅವನು. ಕೊಡಿ ಎನ್ನಲು ಒಬ್ಬ ವಕೀಲೆ, ಕೊಡಬೇಡಿ ಎನ್ನಲು ಒಬ್ಬ ವಕೀಲ, ಇಬ್ಬರಿಗೂ ದುಡ್ಡು ಸುರಿಯಬೇಕಾದವನು ಅವನೊಬ್ಬನೇ! ಆದೇಶ ಬಂದ ದಿನ ಅವನು ಕೋರ್ಟಿನ ಮೆಟ್ಟಿಲ ಮೇಲೆ ಕೂತು, ಸರಿಯಾಗಿಯೇ ಇದ್ದ ಬೂಟಿನ ಲೇಸನ್ನು ಬಿಚ್ಚಿ ಮತ್ತೆ ಕಟ್ಟಿಕೊಂಡ. ಅವಳು ಕಂಬದ ಪಕ್ಕದಿಂದ ನೋಡುತ್ತಿದ್ದಳು. ಗೆದ್ದೆ ಅನ್ನಿಸಿತು.

ಗಂಡ ಹೆಂಡತಿ ಇಬ್ಬರದೂ ಹಲ್ಲಿನ ಕೆಲಸ. ಡಾಕ್ಟರ ಕೆಲಸವಲ್ಲ, ಡಾಕ್ಟರು ಬಾಯೊಳಗೆ ಕೂರಿಸುವ ಹಲ್ಲನ್ನು ಮಾಡಿಕೊಡುವ ಕೆಲಸ. ಮನೆಯ ಮುಂದಿನ ಕೋಣೆಯೇ ಲ್ಯಾಬು. ಕ್ಲಿನಿಕ್ಕುಗಳಿಂದ ಜನರ ಬಾಯಿಯ ಅಚ್ಚು ಬರುತ್ತಿತ್ತು. ಅವನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಕೆತ್ತಿ, ಒಳಗಿನ ಲೋಹದ ಟೋಪಿಯನ್ನು ಎರಕ ಹೊಯ್ಯುತ್ತಿದ್ದ. ಅಲ್ಲಿಂದ ಮುಂದಿನದು ಅವಳದು. ಪಿಂಗಾಣಿ ಪುಡಿಯನ್ನು ನೀರಿನಲ್ಲಿ ಕಲಸಿ, ಕೂದಲೆಳೆಯಂಥ ಬ್ರಷ್ಷಿನಿಂದ ಪದರ ಪದರವಾಗಿ ಹಚ್ಚಿ, ಪುಟ್ಟ ಕುಲುಮೆಯಲ್ಲಿ ಬೇಯಿಸಿ, ಬಣ್ಣ ಕೂರಿಸುವುದು. ಹಲ್ಲು ಬೆಳ್ಳಗಿರುತ್ತದೆ ಎನ್ನುವವರು ಯಾವತ್ತೂ ಹಲ್ಲು ನೋಡಿದವರಲ್ಲ ಎಂದು ಅವಳು ನಗುತ್ತಿದ್ದಳು. ಬುಡದಲ್ಲಿ ಹಳದಿ, ನಡುವೆ ಹಾಲಿನ ಬಣ್ಣ, ತುದಿಯಲ್ಲಿ ನೀಲಿ ಬೆರೆತ ಗಾಜು. ಮುದುಕರ ಹಲ್ಲಿಗೆ ಒಂದು ಸಣ್ಣ ಕಂದು ಗೆರೆ ಎಳೆಯದಿದ್ದರೆ ಅದು ಅವರ ಬಾಯಲ್ಲಿ ಪರರ ಮನೆಗೆ ಬಂದ ನೆಂಟನ ಹಾಗೆ ಕೂತಿರುತ್ತದೆ. ಊರಿನ ಎಷ್ಟೋ ಜನ ಅವಳು ಬಣ್ಣ ಹಾಕಿದ ಹಲ್ಲು ತೋರಿಸಿ ನಗುತ್ತಿದ್ದರು. ಅವಳ ಹೆಸರು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಗಾದರೆ ಬೇರೆಯಾದದ್ದೇಕೆ? ಕೇಳಿದರೆ ನಿಮಗೂ ಸಿಟ್ಟು ಬರುತ್ತದೆ. ಅವನು ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಇನ್ನೊಬ್ಬಳನ್ನು ಕಣ್ಣೆತ್ತಿ ನೋಡಿದವನಲ್ಲ. ಮಾತಾಡುತ್ತಿರಲಿಲ್ಲ, ಅಷ್ಟೇ. ಅವನ ಬಾಯಿಂದ ಒಂದು ಮಾತು ಹೊರಡಿಸುವುದಕ್ಕಿಂತ ಬುದ್ಧಿಹಲ್ಲು ಕೀಳುವುದು ಸುಲಭ. ಅವಳೋ, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು. ಒಂದು ಮಧ್ಯಾಹ್ನ ಯಾವುದೋ ಚಿಕ್ಕ ವಿಷಯಕ್ಕೆ ಮಾತು ಬೆಳೆಯಿತು, ಬೆಳೆಸಿದವಳು ಅವಳೊಬ್ಬಳೇ. ಒಂದು ಚೀಲಕ್ಕೆ ಬಟ್ಟೆ ತುರುಕಿಕೊಂಡು ಅಣ್ಣನ ಮನೆಗೆ ಹೊರಟುಬಿಟ್ಟಳು. ಎರಡು ದಿನ ಬಿಟ್ಟು ಬಂದು ಕರೆಯುತ್ತಾನೆ ಎಂದು ಅವಳು ಕಾದಳು. ಸಿಟ್ಟು ಇಳಿದ ಮೇಲೆ ತಾನೇ ಬರುತ್ತಾಳೆ ಎಂದು ಅವನು ಕಾದ. ಇಬ್ಬರೂ ಕಾದು ಕಾದು ಕಲ್ಲಾದರು. ನಡುವೆ ವಕೀಲರ ನೋಟೀಸು ಓಡಾಡತೊಡಗಿದ ಮೇಲೆ ಯಾರಿಗೂ ಹಿಂದೆ ಬರುವ ದಾರಿ ಕಾಣಲಿಲ್ಲ.

ಅವಳು ಮಾಡಿದ ದೊಡ್ಡ ತಪ್ಪು ಎಂದರೆ ಅವತ್ತು ಮಗಳನ್ನು ಕರೆದುಕೊಂಡು ಹೋಗದಿದ್ದದ್ದು. ಮಗಳು ಶಾಲೆಯಲ್ಲಿದ್ದಳು, ಎರಡು ದಿನದ ಮಾತು ತಾನೇ ಎಂದುಕೊಂಡಳು. ಮಗಳು ಒಬ್ಬಳೇ, ಏಳು ತುಂಬಿ ಎಂಟಕ್ಕೆ ಬಿದ್ದವಳು, ಸಣಕಲು. ಅದಕ್ಕೇ ಎಲ್ಲರೂ ಅವಳನ್ನು ಕಡ್ಡಿ ಎಂದು ಕರೆಯುತ್ತಿದ್ದರು. ಕೆಳಗಿನ ಕೋರ್ಟಿನಲ್ಲಿ ಕೇಳಿದರು: ಮಗುವನ್ನು ಬಿಟ್ಟು ಹೋದದ್ದು ಹೌದೇ? ಹೌದು. ಸ್ವಂತ ಮನೆ ಇದೆಯೇ? ಇಲ್ಲ, ಅಣ್ಣನ ಮನೆಯ ಹಜಾರದಲ್ಲಿ ಒಂದು ಹಾಸಿಗೆ. ಆದಾಯ? ಇಲ್ಲ. ಇಷ್ಟು ವರ್ಷ ಬೆನ್ನು ಬಗ್ಗಿಸಿ ದುಡಿದದ್ದು ಗಂಡನ ಲ್ಯಾಬಿನಲ್ಲಿ; ಮನೆಯ ಹೆಂಗಸಿಗೆ ಸಂಬಳ ಎಲ್ಲಿಂದ ಬರಬೇಕು? ಕಡ್ಡಿ ಅಪ್ಪನ ಹತ್ತಿರವೇ ಇರಲಿ ಎಂದು ತೀರ್ಪಾಯಿತು. ಗಂಡ ಸತ್ತ ಮೇಲೆ ತಮ್ಮನ ಮನೆಗೇ ಬಂದಿದ್ದ ಅವನ ಅಕ್ಕ ಮಗುವನ್ನು ನೋಡಿಕೊಳ್ಳುತ್ತಾಳಲ್ಲ, ಮತ್ತೇನು ಬೇಕು. ತಾಯಿಗೆ ವಾರಕ್ಕೊಮ್ಮೆ, ಶನಿವಾರ, ಮಧ್ಯಾಹ್ನದಿಂದ ಸಂಜೆಯವರೆಗೆ, ಅದೂ ತಂದೆಯ ಮನೆಯಲ್ಲೇ.

ಮೇಲಿನ ಕೋರ್ಟಿಗೆ ಹೋಗೋಣ ಎಂದದ್ದು ಅವಳ ವಕೀಲೆ. ಚುರುಕು ಹೆಂಗಸು, ಎರಡು ಫೋನು, ಒಂದು ಕೈಯಲ್ಲಿ ಸದಾ ಅರ್ಧ ಕುಡಿದ ಕಾಫಿ. ಅವಳು ಗಂಟನ್ನು ಬಿಡಿಸಿ ತೋರಿಸಿದಳು. ನಿನಗೆ ಆದಾಯ ಇಲ್ಲ ಎಂದೇ ಮಗು ಕೈತಪ್ಪಿತು. ಅದೇ ಆದಾಯ ಇಲ್ಲ ಎಂಬ ಕಾರಣಕ್ಕೇ ಮೇಲ್ಮನವಿಯ ಖರ್ಚನ್ನು ಗಂಡನಿಂದ ಕೊಡಿಸಬಹುದು. ಕೇಸು ಗೆಲ್ಲುವವರೆಗೆ ಎಲ್ಲೂ ಕೆಲಸಕ್ಕೆ ಸೇರಬೇಡ. ಸೇರಿದ್ದು ಗೊತ್ತಾದರೆ ಆ ಖರ್ಚು ನಿಂತುಹೋಗುತ್ತದೆ. ಗೆದ್ದ ಮೇಲೆ ಏನಾದರೂ ಮಾಡಿಕೋ. ಅವಳು ತಲೆಯಾಡಿಸಿದಳು. ಅಣ್ಣ ಕೊಡುವವನಲ್ಲ ಎಂದಲ್ಲ, ಅವನ ಕೈಯೇ ಬರಿದು. ಅತ್ತಿಗೆ ತಟ್ಟೆ ಇಡುವ ಸದ್ದಿನಲ್ಲೇ ಎಷ್ಟು ದಿನ ಇರುತ್ತೀಯ ಎಂದು ಕೇಳುತ್ತಿದ್ದಳು.

ಆದೇಶವೇನೋ ಬಂತು. ದುಡ್ಡು ಬರಲಿಲ್ಲ. ಮೊದಲ ಕಂತು ತಪ್ಪಿತು, ಎರಡನೆಯದೂ ತಪ್ಪಿತು. ವಕೀಲೆ ನಗುನಗುತ್ತಲೇ ಹೇಳಿದಳು, ತನ್ನ ಆಫೀಸಿಗೂ ಬಾಡಿಗೆ ಇದೆ, ಬರಿಗೈಯಲ್ಲಿ ತಾನು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು. ಅವನು ಹಟಕ್ಕೆ ಬಿದ್ದು ಕೊಡುತ್ತಿಲ್ಲ, ನನ್ನನ್ನು ದಣಿಸಿ ಓಡಿಸಲು ನೋಡುತ್ತಿದ್ದಾನೆ ಎಂದು ಅವಳಿಗೆ ಮೈಯೆಲ್ಲ ಉರಿಯಿತು. ಆ ಶನಿವಾರ ಹೋದವಳೇ, ಓಡಿಬಂದು ಸೊಂಟ ತಬ್ಬಿದ ಕಡ್ಡಿಯನ್ನು ಬಿಡಿಸಿಕೊಂಡು ನೆಟ್ಟಗೆ ಲ್ಯಾಬಿಗೆ ನುಗ್ಗಿದಳು. ಬಾಯಿಗೆ ಬಂದದ್ದೆಲ್ಲ ಬೈದಳು. ಅವನು ಮೇಜಿನ ಡ್ರಾಯರ್ ಎಳೆದು ಒಂದು ಡಬ್ಬಿ ತೆಗೆದು ಅವಳ ಮುಂದೆ ಇಟ್ಟ.

ಡಬ್ಬಿ ತುಂಬ ಹಲ್ಲು. ಡಾಕ್ಟರುಗಳು ವಾಪಸು ಕಳಿಸಿದವು. ಅವಳು ಒಂದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಇನ್ನೊಂದನ್ನು ಹಿಡಿದಳು.

"ಯಾರು ಹಾಕಿದ್ದು ಇದಕ್ಕೆ ಬಣ್ಣ?"

"ನಾನೇ."

"ಇದು ಹಲ್ಲಾ? ಗೋಡೆಯಿಂದ ಕಿತ್ತ ಸುಣ್ಣ ಇದ್ದ ಹಾಗಿದೆ."

ಅವನು ಒಪ್ಪಿಕೊಂಡ. ಬೇರೊಬ್ಬನನ್ನು ಇಟ್ಟು ನೋಡಿದ್ದನಂತೆ, ಅವನದು ಇನ್ನೂ ಕೆಟ್ಟದಾಗಿತ್ತಂತೆ. ಹೆಚ್ಚು ಕೆಲಸ ಕೊಡುವ ಕ್ಲಿನಿಕ್ಕಿನ ದೊಡ್ಡ ಡಾಕ್ಟರು ಈ ತಿಂಗಳು ನೋಡಿ ಬೇರೆ ಲ್ಯಾಬಿಗೆ ಹೋಗುತ್ತೇನೆ ಎಂದಿದ್ದರಂತೆ. ಅವನು ಕೊಡದಿದ್ದದ್ದು ಹಟಕ್ಕಲ್ಲ; ಅವನ ಹತ್ತಿರ ಇರಲಿಲ್ಲ. ಅವಳು ಇಲ್ಲದೆ ಆ ಲ್ಯಾಬಿನಿಂದ ದುಡ್ಡು ಹುಟ್ಟುತ್ತಿರಲಿಲ್ಲ. ದುಡ್ಡು ಹುಟ್ಟದಿದ್ದರೆ ಅವಳ ವಕೀಲೆ ನಿಲ್ಲುವುದಿಲ್ಲ. ವಕೀಲೆ ನಿಲ್ಲದಿದ್ದರೆ ಕಡ್ಡಿ ಇಲ್ಲ. ಅವಳು ಡಬ್ಬಿಯ ಮುಚ್ಚಳ ಹಾಕಿದಳು. ಆಮೇಲೆ ಬಾಗಿಲ ಹಿಂದಿನ ಮೊಳೆಯಿಂದ ತನ್ನ ಹಳೆಯ ಏಪ್ರನ್ ತೆಗೆದು ಕಟ್ಟಿಕೊಂಡಳು. ಅದು ಅಲ್ಲೇ ಇತ್ತು, ತೊಳೆದು ನೇತುಹಾಕಿದ್ದ.

ಹೀಗೆ ಶುರುವಾಯಿತು. ಶನಿವಾರ ಅವಳು ಆ ಮನೆಯಲ್ಲಿರಲು ಕೋರ್ಟಿನ ಅಪ್ಪಣೆಯೇ ಇದೆ, ಯಾರೂ ಹುಬ್ಬೇರಿಸುವಂತಿಲ್ಲ. ಬಣ್ಣದ ಕೆಲಸಕ್ಕೆ ಹಗಲಿನ ಬೆಳಕೇ ಬೇಕು, ಕಿಟಕಿಯ ಬೆಳಕು. ದೀಪದಡಿ ಹಚ್ಚಿದ ಬಣ್ಣ ಬಾಯಲ್ಲಿ ಕೂತಾಗ ಬೇರೆಯೇ ಕಾಣುತ್ತದೆ. ಹಾಗಾಗಿ ವಾರವಿಡೀ ಅವನು ಟೋಪಿಗಳನ್ನು ಎರಕ ಹೊಯ್ದು ಟ್ರೇಯಲ್ಲಿ ಸಾಲಾಗಿ ಜೋಡಿಸಿಟ್ಟಿರುತ್ತಿದ್ದ. ಶನಿವಾರ ಮಧ್ಯಾಹ್ನ ಅವಳು ಬಂದು ಕಿಟಕಿಯ ಪಕ್ಕ ಕೂತರೆ, ಬೆಳಕು ಆರುವ ಹೊತ್ತಿಗೆ ಎಲ್ಲ ಮುಗಿಯಬೇಕು. ತಲೆ ಎತ್ತಲು ಬಿಡುವಿಲ್ಲ.

ಮತ್ತೆ ಆ ಪುಡಿಯ ಗುಣವೇ ಹಾಗೆ. ಒದ್ದೆ ಇರುವಾಗಲೇ ಪದರ ಕೂರಿಸಬೇಕು. ನಡುವೆ ಕೈ ಬಿಟ್ಟರೆ ಒಣಗುತ್ತದೆ. ಒಣಗಿದ್ದನ್ನು ಕುಲುಮೆಗೆ ಇಟ್ಟರೆ ಬಿರುಕು ಬಿಡುತ್ತದೆ. ಕಡ್ಡಿ ಹತ್ತಿರ ಬಂದು ತೋಳು ಹಿಡಿದು ಅಲುಗಿಸಿದರೆ ಅವಳು ಬ್ರಷ್ಷಿನಿಂದ ಕಣ್ಣು ತೆಗೆಯದೆ ಹೇಳುತ್ತಿದ್ದಳು, "ಒಂದು ನಿಮಿಷ ತಾಳು ಕಂದಾ, ಒಣಗಿಬಿಡುತ್ತೆ." ಆ ಒಂದು ನಿಮಿಷ ಮುಗಿಯುವಷ್ಟರಲ್ಲಿ ಇನ್ನೊಂದು ಹಲ್ಲು. ಕುಲುಮೆಯಲ್ಲಿ ಒಂದು ಬೇಯುವ ಹೊತ್ತಾದರೂ ಮಗಳ ಜೊತೆ ಕೂರಬಹುದಿತ್ತಲ್ಲ ಎಂದು ಕೇಳುತ್ತೀರಿ. ಬೇಯುವಷ್ಟರಲ್ಲಿ ಮುಂದಿನದನ್ನು ಹಚ್ಚದಿದ್ದರೆ ಟ್ರೇ ಮುಗಿಯುತ್ತಿರಲಿಲ್ಲ.

ಮೊದಮೊದಲು ಕಡ್ಡಿಗೆ ಹಬ್ಬ. ಅಮ್ಮ ಹಳೆಯ ಜಾಗದಲ್ಲಿ, ಅಪ್ಪ ಹಳೆಯ ಜಾಗದಲ್ಲಿ, ನಡುವೆ ತಾನು. ತನ್ನ ಚಿಕ್ಕ ಸ್ಟೂಲು ಎಳೆದುಕೊಂಡು ಬಂದು ಶಾಲೆಯ ಕಥೆ ಶುರುಮಾಡುತ್ತಿದ್ದಳು. ಟೀಚರ ಕಥೆ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡವಳ ಕಥೆ, ಪಕ್ಕದ ಮನೆ ಬೆಕ್ಕಿನ ಕಥೆ. ಅಮ್ಮ ಹೂಂ ಹೂಂ ಎನ್ನುತ್ತಿದ್ದಳು. ಚಿತ್ರ ಬರೆದು ತಂದು ತೋರಿಸಿದರೆ, ಹೊಸ ಕುಣಿತ ಕಲಿತು ಕುಣಿದು ತೋರಿಸಿದರೆ, ಅಮ್ಮನ ಮಾತು ಒಂದೇ: "ಚೆನ್ನಾಗಿದೆ, ತಾಳು." ದಿನ ಹೋದಂತೆ ಕಡ್ಡಿಯೂ ಕೆಲಸ ಕಲಿತಳು. ಮೇಜು ಅಲುಗದಂತೆ ಕೂರುವುದು, ಬಾಗಿಲು ಸದ್ದಾಗದಂತೆ ಹಾಕುವುದು. ಮಗು ಎಷ್ಟು ಬುದ್ಧಿವಂತೆ ಆಗಿದ್ದಾಳೆ ನೋಡಿ, ತೊಂದರೆಯೇ ಇಲ್ಲ ಎಂದು ಅತ್ತೆ, ಅಂದರೆ ಅವನ ಅಕ್ಕ, ಮೆಚ್ಚಿ ಹೇಳುತ್ತಿದ್ದಳು. ಅಮ್ಮನಿಗೂ ಹಾಗೇ ಅನ್ನಿಸಿತು. ದೇವರೇ, ಅವಳಿಗೂ ಹಾಗೇ ಅನ್ನಿಸಿತಲ್ಲ!

ಹಲ್ಲುಗಳು ವಾಪಸು ಬರುವುದು ನಿಂತಿತು. ದೊಡ್ಡ ಡಾಕ್ಟರು ಫೋನು ಮಾಡಿ, ಈಗ ಕೈ ಮತ್ತೆ ಹದಕ್ಕೆ ಬಂತಲ್ಲ ಎಂದು ಅವನನ್ನು ಹೊಗಳಿದರು. ಅವನು ಅವಳ ಕಡೆ ನೋಡಿದ. ಕಂತುಗಳು ಹೇಳಿದ ದಿನಕ್ಕೆ ಬರತೊಡಗಿದವು. ನಿನ್ನ ಗಂಡ ಕೊಡುವುದರಲ್ಲಿ ಬಲು ನಿಯತ್ತಿನವನು ಕಣೇ, ಇಂಥವರು ಸಿಗುವುದಿಲ್ಲ ಎಂದು ವಕೀಲೆ ನಕ್ಕಳು. ಅವಳೂ ನಕ್ಕಳು. ಮನೆಗೆ ಬರುವ ಬಸ್ಸಿನಲ್ಲಿ ಮಾತ್ರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತಳು. ತನ್ನ ಕೈಯಿಂದಲೇ ದುಡಿದು, ಅವನ ಕೈಯಿಂದ ಕೊಡಿಸಿ, ಅವನ ಮೇಲೇ ಕೇಸು ನಡೆಸುತ್ತಿದ್ದೇನಲ್ಲ ಎಂದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಲ್ಯಾಬಿನ ದುಡಿಮೆಯಲ್ಲೇ ಅವನ ವಕೀಲನಿಗೂ ಹೋಗುತ್ತಿತ್ತು. ಅಂದರೆ ಮಗಳನ್ನು ತನಗೆ ಕೊಡಬೇಡಿ ಎನ್ನುವವನಿಗೂ ಅವಳೇ ಕೂಲಿ ಕೊಡುತ್ತಿದ್ದಳು. ಇಂಥ ಮೂರ್ಖತನವನ್ನು ಬೇರೆ ಯಾವ ಗಂಡ ಹೆಂಡತಿಯಾದರೂ ಮಾಡಿದ್ದಾರೋ ಇಲ್ಲವೋ.

ಒಂದೆರಡು ಸಲ ಬಿಟ್ಟುಬಿಡೋಣ ಅನ್ನಿಸಿತ್ತು. ಒಮ್ಮೆ ಸಂಜೆ ಹೊರಡುವಾಗ ಕಡ್ಡಿ ಬಾಗಿಲವರೆಗೆ ಬಂದು, ಇವತ್ತು ನಾನು ಹೇಳಿದ್ದು ಏನು ಹೇಳು ನೋಡೋಣ ಎಂದಳು. ಅವಳಿಗೆ ನೆನಪಿರಲಿಲ್ಲ. ಬೆಕ್ಕಿನ ವಿಷಯ ತಾನೇ ಎಂದಳು. ಕಡ್ಡಿ ಹೌದು ಎಂದು ತಲೆಯಾಡಿಸಿ ಒಳಗೆ ಹೋದಳು. ಅದು ಹೌದಾಗಿರಲಿಲ್ಲ ಎಂದು ಅವಳಿಗೆ ಬೀದಿಯ ತಿರುವಿನಲ್ಲಿ ಹೊಳೆಯಿತು. ಆದರೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇನ್ನೇನು ಕೆಲವು ತಿಂಗಳು. ಕೇಸು ಗೆದ್ದ ಮೇಲೆ ವಾರದ ಏಳು ದಿನವೂ ಅವಳದೇ. ಆಗ ಬೆಕ್ಕಿನ ಕಥೆಯನ್ನು ಬಾಲದಿಂದ ಮೂತಿಯವರೆಗೆ ಕೇಳುತ್ತೇನೆ. ಈಗ ಹಲ್ಲು ಕಚ್ಚಿಕೊಂಡು ಇದೊಂದನ್ನು ದಾಟಿಬಿಡಬೇಕು.

ಕೊನೆಯ ವಿಚಾರಣೆಗೆ ಮುಂಚೆ ನ್ಯಾಯಾಧೀಶರು ಮಗುವಿನ ಜೊತೆ ಮಾತಾಡಬೇಕು ಎಂದರು. ವಯಸ್ಸಾದ ಹೆಂಗಸು, ದಪ್ಪ ಕನ್ನಡಕ, ಮೆಲುದನಿ. ಕಡ್ಡಿಯನ್ನು ಅವರ ಕೋಣೆಗೆ ಕರೆದುಕೊಂಡು ಹೋದರು. ಹೊರಗಿನ ಉದ್ದ ಬೆಂಚಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು. ಅವಳಿಗೆ ಧೈರ್ಯವಿತ್ತು. ಒಂದು ಶನಿವಾರವನ್ನೂ ತಪ್ಪಿಸಿದವಳಲ್ಲ. ಜ್ವರ ಬಂದಾಗಲೂ ಹೋಗಿದ್ದಳು. ಅಮ್ಮ ಬೇಕು ಎನ್ನದೆ ಇನ್ನೇನು ಅನ್ನುತ್ತಾಳೆ ಮಗಳು?

ಕಡ್ಡಿ ಹೊರಗೆ ಬಂದಳು. ಕೈಯಲ್ಲಿ ಒಂದು ಬಿಸ್ಕತ್ತು. ಜೊತೆಗೆ ಬಂದಿದ್ದ ಅತ್ತೆಯ ಪಕ್ಕ ಹೋಗಿ ಕೂತಳು. ಇವರಿಬ್ಬರನ್ನೂ ವಕೀಲರನ್ನೂ ಒಳಗೆ ಕರೆದರು.

ನ್ಯಾಯಾಧೀಶರು ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು. "ಅಮ್ಮ ಬಂದಾಗ ಏನು ಮಾಡ್ತೀರಿ ಅಂತ ಕೇಳಿದೆ. ಸುಮ್ನೆ ಕೂತ್ಕೋತೀನಿ, ಮಾತಾಡಿದ್ರೆ ಒಣಗಿಬಿಡುತ್ತೆ ಅಂದಳು ಮಗು. ಏನು ಒಣಗುತ್ತೆ ಅಂತ ಯಾರಾದ್ರೂ ನನಗೆ ಹೇಳ್ತೀರಾ?"

ವಕೀಲೆ ಅವಳ ಕಡೆ ತಿರುಗಿ ಏನಿದು ಎಂದು ಕಣ್ಣಿನಲ್ಲೇ ಕೇಳಿದಳು. ಗಂಡನ ವಕೀಲನಿಗೂ ಏನೂ ಗೊತ್ತಿರಲಿಲ್ಲ. ಆದರೂ ಬೇಟೆಯ ವಾಸನೆ ಹತ್ತಿ ಕುರ್ಚಿಯ ತುದಿಗೆ ಬಂದ. ಬಾಯಿ ಬಿಟ್ಟವನು, ನಂಬಿದರೆ ನಂಬಿ, ಗಂಡ. ಮದುವೆಯಾದ ಮೇಲೆ ಅವನು ಅಷ್ಟು ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ. ಹಲ್ಲಿನ ಪುಡಿಯಿಂದ ಹಿಡಿದು ಕಿಟಕಿಯ ಬೆಳಕಿನವರೆಗೆ ಒಂದೊಂದಾಗಿ ಹೇಳಿದ. ಕರೆದದ್ದು ತಾನೇ ಎಂದ. ಅದು ಸುಳ್ಳು, ಅವನು ಕರೆದಿರಲಿಲ್ಲ. ಸಂಬಳ ಕೊಟ್ಟಿಲ್ಲ ಎಂದ. ಅದು ನಿಜ.

ಅವನ ವಕೀಲ ಅಲ್ಲೇ ಎದ್ದು ನಿಂತ. ಹಾಗಾದರೆ ಈಕೆಗೆ ದುಡಿಮೆ ಇದೆ, ಅದನ್ನು ಮುಚ್ಚಿಟ್ಟು ಖರ್ಚು ಪಡೆದಿದ್ದಾರೆ, ಕೊಟ್ಟದ್ದೆಲ್ಲ ವಾಪಸು ಬರಬೇಕು ಎಂದ. ಗಂಡ ಅವನ ಕೋಟಿನ ತೋಳು ಹಿಡಿದು ಕೂರಿಸಿದ.

"ವಾಪಸು ಯಾರಿಗೆ?" ಎಂದ. "ಹಚ್ಚಿದ್ದು ಅವಳು. ದುಡ್ಡು ಕಟ್ಟಿದ್ದು ನಾನು. ಬಿಡಿ ಸಾರ್."

ನ್ಯಾಯಾಧೀಶರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಹಾಗಾದರೆ ಈ ಕೇಸು ನಡೆಸಲು ನೀವಿಬ್ಬರೂ ಜೊತೆಯಲ್ಲಿ ಕೂತು ದುಡಿದಿದ್ದೀರಿ ಎಂದು ಕೇಳಿದರು. ಹೌದು ಎಂದು ಇಬ್ಬರೂ ಒಟ್ಟಿಗೇ ಅಂದರು. ಕೋಣೆಯಲ್ಲಿ ಯಾರಿಗೂ ನಗು ಬರಲಿಲ್ಲ.

"ಶನಿವಾರ ಕೊಟ್ಟಿದ್ದು ಮಗುವಿಗೆ ಅಂತಮ್ಮಾ," ಎಂದರು ಅವರು ಅವಳ ಕಡೆ ತಿರುಗಿ.

"ಮಗುವಿಗೋಸ್ಕರಾನೇ ಮಾಡಿದ್ದು ನಾನು."

"ನನಗೆ ಅರ್ಥ ಆಗುತ್ತೆ. ಅವಳಿಗೆ ಅರ್ಥ ಆಗಿಲ್ಲ. ಅಮ್ಮ ಹಲ್ಲು ನೋಡೋಕೆ ಬರ್ತಾಳೆ ಅಂದಳು."

ಬಯ್ದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವರು ಬಯ್ಯಲಿಲ್ಲ, ಆ ಮೆಲುದನಿಯಲ್ಲೇ ಹೇಳಿದರು. ಹೇಳಲು ಅವಳಲ್ಲಿ ನೂರು ಮಾತಿತ್ತು. ಬಸ್ಸಿನಲ್ಲಿ ಅತ್ತದ್ದು, ಕತ್ತು ನೋವಿಗೆ ಬಿಸಿನೀರಿನ ಶಾಖ ಕೊಟ್ಟುಕೊಂಡದ್ದು, ಕಣ್ಣಿಗೆ ಮಂಜು ಕವಿದಾಗಲೂ ಬ್ರಷ್ಷು ಬಿಡದಿದ್ದದ್ದು. ಒಂದೂ ಹೊರಗೆ ಬರಲಿಲ್ಲ. ಗಂಡನ ಹಾಗೆ ಅವಳೂ ಅವತ್ತು ಮೂಕಳಾದಳು.

ತೀರ್ಪು ಬಂದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮೇಲ್ಮನವಿ ವಜಾ. ಮಗು ತಂದೆಯ ಬಳಿಯೇ ಇರತಕ್ಕದ್ದು. ಶನಿವಾರದ ಭೇಟಿ ಮೊದಲಿನಂತೆಯೇ. ತಾಯಿ ಮಗುವಿಗೆಂದು ಕೊಟ್ಟ ಹೊತ್ತನ್ನೂ ಬೇರೆ ಕೆಲಸಕ್ಕೆ ಕಳೆದಿದ್ದಾಳೆ ಎಂದು ಒಂದು ಸಾಲು. ಕೊನೆಯಲ್ಲಿ ಇನ್ನೊಂದು ಸಾಲು: ಈ ಮೇಲ್ಮನವಿಯ ಖರ್ಚನ್ನು ಇನ್ನು ಮುಂದೆ ಅವರವರೇ ಭರಿಸಿಕೊಳ್ಳತಕ್ಕದ್ದು. ಅವರವರು! ಕಾನೂನಿನ ಕಣ್ಣಿಗೆ ಅದು ನ್ಯಾಯವೇ ಇರಬಹುದು. ವಕೀಲೆ ಕಾಫಿ ಲೋಟ ಕೆಳಗಿಟ್ಟು ಅವಳ ಭುಜ ತಟ್ಟಿದಳು, ಮೊದಲೇ ನನಗೊಂದು ಮಾತು ಹೇಳಬಾರದಿತ್ತೇ ಎಂದಳು. ಹೇಳಿದ್ದರೆ ನೀನು ನಿಲ್ಲುತ್ತಿದ್ದೆಯಾ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ವಕೀಲೆಯ ಫೋನು ಹೊಡೆದುಕೊಂಡಿತು, ಅವಳು ಮಾತಾಡುತ್ತಾ ಹೊರಟುಹೋದಳು.

ಕಾರಿಡಾರಿನಲ್ಲಿ ಜನ ಕರಗಿದರು. ಕಸ ಗುಡಿಸುವವಳು ಬೆಂಚಿನಡಿ ಪೊರಕೆ ಆಡಿಸುತ್ತಾ ಬಂದಳು. ಅವಳು ಕಾಲೆತ್ತಿ ಕೂತಳು. ಅವನು ಬಂದು ಪಕ್ಕದಲ್ಲಿ ನಿಂತದ್ದು ಅವಳಿಗೆ ಗೊತ್ತಾಯಿತು. ಗೆದ್ದವನ ಮುಖವಲ್ಲ ಅದು.

"ಇದರ ಮೇಲೂ ಒಂದು ಕೋರ್ಟು ಇದೆಯಂತೆ," ಎಂದ.

ಅವಳು ತಲೆ ಎತ್ತಿ ನೋಡಿದಳು.

"ನೀನು ಹೋಗೋದಾದ್ರೆ ಹೋಗು. ಖರ್ಚು ನಾನು ಕೊಡ್ತೀನಿ. ಆರ್ಡರ್ ಇಲ್ದಿದ್ರೂ ಕೊಡ್ತೀನಿ."

ಕೇಳಿದಿರಾ? ಮನೆಗೆ ಬಾ ಎನ್ನಲು ಬಾಯಿ ಬಾರದ ಗಂಡಸು, ನನ್ನ ಮೇಲೆ ಇನ್ನೊಂದು ಕೇಸು ಹಾಕು ಎಂದು ಬೇಡುತ್ತಿದ್ದ. ಅವಳಿಗೆ ಅದು ಅರ್ಥವಾಯಿತು. ಇಷ್ಟು ವರ್ಷದಲ್ಲಿ ಅವನ ಮನಸ್ಸು ಅಷ್ಟು ಸ್ಪಷ್ಟವಾಗಿ ಅವಳಿಗೆ ಯಾವತ್ತೂ ಕಂಡಿರಲಿಲ್ಲ. ಕಿಟಕಿಯ ಪಕ್ಕ ಅವಳು, ಈ ಕಡೆ ಅವನು, ನಡುವೆ ಟ್ರೇ. ಅವನಿಗೆ ಅದಷ್ಟೇ ಬೇಕಾಗಿತ್ತು. ಅವಳಿಗೂ ಬೇಡವಾಗಿರಲಿಲ್ಲವೇನೋ. ಇಬ್ಬರೂ ಸೇರಿ ಮಗಳ ಶನಿವಾರಗಳನ್ನು ತಿಂದುಹಾಕಿದ್ದರು. ಅಯ್ಯೋ ಎಂದು ಎದೆ ಬಡಿದುಕೊಂಡು ಅಳಬೇಕು ಅನ್ನಿಸಿತು. ಕೋರ್ಟಿನಲ್ಲಿ ಯಾರು ಹಾಗೆ ಅಳುತ್ತಾರೆ?

"ಬೇಡ ರೀ," ಎಂದಳು. "ಸಾಕು ನನಗೆ."

ಅವನು ತಲೆಯಾಡಿಸಿದ. ಮೆಟ್ಟಿಲಿಳಿದು ಹೋದ.

ಮುಂದಿನ ಶನಿವಾರ ಅವಳು ಮಧ್ಯಾಹ್ನವಾಗುವುದಕ್ಕೆ ಮುಂಚೆಯೇ ಹೊರಟಳು. ಬಸ್ಸು ಇಳಿದು ಬೀದಿಯ ಕೊನೆಯ ಅಂಗಡಿಯ ಮುಂದೆ ಸುಮ್ಮನೆ ನಿಂತು ಹೊತ್ತು ಕಳೆದಳು. ಮನೆಯೊಳಗೆ ಹೋದಾಗ ಅವನು ಲ್ಯಾಬಿನಲ್ಲಿದ್ದ. ಮೇಜಿನ ಮೇಲೆ ಟ್ರೇ ಇರಲಿಲ್ಲ, ಅವನೇ ಎತ್ತಿಟ್ಟಿದ್ದಿರಬೇಕು. ಅವಳನ್ನು ಕಂಡೊಡನೆ ಎದ್ದು, ಅಂಗಡಿಗೆ ಹೋಗಿ ಬರ್ತೀನಿ ಎಂದು ಅಕ್ಕನಿಗೆ ಹೇಳಿ ಹೋಗಿಬಿಟ್ಟ. ಜಾಗ ಬಿಟ್ಟುಕೊಟ್ಟಿದ್ದ, ಅಷ್ಟೇ ಅವನಿಂದಾಗುವುದು.

ಕಡ್ಡಿ ಒಳಗಿನ ಕೋಣೆಯಲ್ಲಿ ನೆಲದ ಮೇಲೆ ಮಗ್ಗುಲಾಗಿ ಬಿದ್ದುಕೊಂಡು ಬಣ್ಣದ ಪೆನ್ಸಿಲ್ಲಿನಿಂದ ಏನೋ ಗೀಚುತ್ತಿದ್ದಳು. ಅಮ್ಮನನ್ನು ನೋಡಿ, ಬಂದೆಯಾ ಎಂದು, ಮತ್ತೆ ಗೀಚತೊಡಗಿದಳು. ಓಡಿ ಬರಲಿಲ್ಲ. ಓಡಿ ಬರುವುದನ್ನು ನಿಲ್ಲಿಸಿ ಎಷ್ಟು ಕಾಲವಾಗಿತ್ತೋ. ಅವಳು ಪಕ್ಕದಲ್ಲಿ ನೆಲಕ್ಕೆ ಕೂತಳು. ಏನು ಬರೀತಿದ್ದೀಯ ಎಂದಳು. ಮನೆ ಎಂದಳು ಕಡ್ಡಿ. ಶಾಲೆಯಲ್ಲಿ ಏನಾಯಿತು ಎಂದಳು. ಏನಿಲ್ಲ ಎಂದಳು. ಪಕ್ಕದ ಮನೆ ಬೆಕ್ಕು ಹೇಗಿದೆ ಎಂದಳು. ಅವರು ಮನೆ ಖಾಲಿ ಮಾಡಿಕೊಂಡು ಹೋಗಿ ಬಹಳ ದಿನವಾಯಿತು ಎಂದಳು. ಆಮೇಲೆ ಇಬ್ಬರಿಗೂ ಏನು ಮಾತಾಡಬೇಕೋ ತಿಳಿಯಲಿಲ್ಲ. ಎಷ್ಟೊಂದು ಹೊತ್ತು ಉಳಿದಿತ್ತು, ಸಂಜೆಯವರೆಗೂ. ಒಂದು ಕಾಲದಲ್ಲಿ ಸಾಲದೆ ಹೋಗುತ್ತಿದ್ದ ಹೊತ್ತು ಅದು.

ಕಡ್ಡಿ ಪೆನ್ಸಿಲು ಕೆಳಗಿಟ್ಟು ಅವಳನ್ನು ನೋಡಿದಳು. "ಅಮ್ಮಾ, ಇವತ್ತು ಕೆಲಸ ಇಲ್ವಾ?"

"ಇಲ್ಲ."

"ಮತ್ತೆ ಯಾಕೆ ಬಂದೆ?"

ಚುಚ್ಚಬೇಕೆಂದು ಕೇಳಿದ್ದಲ್ಲ. ಗೊತ್ತಿಲ್ಲದೆ ಕೇಳಿದ್ದು, ಬಸ್ಸು ಯಾಕೆ ನಿಂತಿತು ಎಂದು ಕೇಳುವ ಹಾಗೆ. "ನಿನ್ನ ನೋಡೋಕೆ ಕಣೇ," ಎಂದಳು. "ನಿನ್ನೇ ನೋಡೋಕೆ."

ಕಡ್ಡಿ ನಂಬದವಳಂತೆ ಒಂದು ಗಳಿಗೆ ಅವಳ ಮುಖವನ್ನೇ ನೋಡಿ, ಆಮೇಲೆ ನಾಚಿಕೊಂಡು ನಕ್ಕಳು. ಬಾಯಿ ತುಂಬ ನಕ್ಕಳು. ಮೇಲಿನ ಸಾಲಿನಲ್ಲಿ ಎರಡು ಹೊಸ ಹಲ್ಲು, ಅಗಲವಾಗಿ, ಮುಕ್ಕಾಲು ಪಾಲು ಇಳಿದು ಬಂದಿದ್ದವು. ತುದಿಯಲ್ಲಿ ಗರಗಸದಂತೆ ಸಣ್ಣ ಸಣ್ಣ ಏರಿಳಿತ. ಆಗ ತಾನೇ ಬಂದ ಹಲ್ಲಿಗೆ ಮಾತ್ರ ಇರುವಂಥದು. ಹಾಲುಹಲ್ಲು ಬಿದ್ದು, ಅಲ್ಲಿ ಖಾಲಿ ಜಾಗವಿದ್ದು, ಇದು ಮೊಳೆತು, ಇಷ್ಟು ಬೆಳೆಯಬೇಕಾದರೆ ಎಷ್ಟೋ ಶನಿವಾರಗಳು ಬೇಕು ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಇದು ಯಾವಾಗ ಬಂತೇ?"

"ಯಾವಾಗಲೋ ಬಂತು. ಬಿದ್ದಾಗಲೂ ತೋರಿಸಿದ್ನಲ್ಲ ನಿಂಗೆ."

"ನಂಗಾ? ಯಾವಾಗ?"

"ನೀನು ಅಲ್ಲಿ ಕೂತು ಬಣ್ಣ ಹಾಕ್ತಿದ್ದೆ. ಕೈಯಲ್ಲಿ ಇಟ್ಕೊಂಡು ಬಂದು ತೋರಿಸಿದೆ. ಚೆನ್ನಾಗಿದೆ, ತಾಳು ಅಂದೆ."

ಅವಳು ಮಗಳ ಗದ್ದ ಹಿಡಿದು ಕಿಟಕಿಯ ಬೆಳಕಿನ ಕಡೆಗೆ ತಿರುಗಿಸಿದಳು. ನೋಡಬೇಕೆಂದೇ ತಿರುಗಿಸಿದಳು, ಆದರೆ ಕಣ್ಣು ತುಂಬಿಕೊಂಡು ಏನೂ ಕಾಣಲಿಲ್ಲ. ಕಡ್ಡಿ ಬಾಯಿ ತೆರೆದುಕೊಂಡು ಸ್ವಲ್ಪವೂ ಅಲುಗದೆ ಕೂತಿದ್ದಳು. ಅಮ್ಮನ ಕೆನ್ನೆಯ ಮೇಲೆ ನೀರು ಇಳಿಯುವುದನ್ನು ನೋಡಿ, ಗದ್ದ ಬಿಡಿಸಿಕೊಳ್ಳದೆಯೇ, ಮೆಲ್ಲಗೆ ಕೇಳಿದಳು: "ಯಾಕಮ್ಮಾ? ಬಣ್ಣ ಸರಿ ಬಂದಿಲ್ವಾ?"